ನನ್ನ ರಟ್ಟಿನ ಟ್ಯಾಂಕು

ಲೋಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಅಂಚೆಚೀಟಿ ಕೂಡಿಡುವವರುಂಟು, ಪದ್ಯ ಬರೆಯುವವರಂತೂ ಈ ಸಂಚಿಕೆಯ ತುಂಬ ಇದ್ದಾರೆ. ನನಗೆ ಹಿಡಿದದ್ದು ಯುದ್ಧವಾಹನಗಳ ಪುಟ್ಟ ಮಾದರಿಗಳನ್ನು ಮಾಡುವ ಹುಚ್ಚು. ಬಿ.ಎ. ಅಂತಿಮ ತರಗತಿಯ ವಿದ್ಯಾರ್ಥಿಗೆ ಇದು ತಕ್ಕ ಕೆಲಸವೇ ಎಂದು ವಾಚಕರು ಕೇಳಬಹುದು. ನಮ್ಮ ತಾಯಿಯವರು ದಿನವೂ ಕೇಳುತ್ತಾರೆ.

ಕಳೆದ ವರ್ಷ ಪ್ರವಾಸಕ್ಕೆಂದು ಮಡಿಕೇರಿಗೆ ಹೋಗಿದ್ದೆವು. ಅಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಅದರ ಅಂಗಳದಲ್ಲಿ ಒಂದು ಟಿ-55 ಟ್ಯಾಂಕು ನಿಂತಿದೆ. 1971ರ ಯುದ್ಧದಲ್ಲಿ ನಮ್ಮ ಸೈನ್ಯ ಬಳಸಿದ ರಷ್ಯಾದ ಟ್ಯಾಂಕು ಈ ಜಾತಿಯದು. ಗೆಳೆಯರು ಅದರ ಮುಂದೆ ನಿಂತು ತಮ್ಮ ಚಿತ್ರ ತೆಗೆಸಿಕೊಂಡರು. ನಾನು ಅದರ ಗಾಲಿಗಳ ಚಿತ್ರ ತೆಗೆದುಕೊಂಡು ಬಂದೆ.

ಮಾದರಿಗಳಲ್ಲಿ ಹೆಸರಾದ ಪ್ರಮಾಣ 35ರಲ್ಲಿ ಒಂದು ಪಾಲು. ಇದೇನೂ ಶಾಸ್ತ್ರೋಕ್ತ ಲೆಕ್ಕವಲ್ಲ. 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿಯವರು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿ ಮಾಡಿದಾಗ, ಒಳಗೆ ಮೋಟಾರು ಮತ್ತು ಬ್ಯಾಟರಿ ಹಿಡಿಯುವಷ್ಟು ಗಾತ್ರ ಇಟ್ಟರು. ಅದು ಸುಮಾರು 35ನೆಯ ಒಂದು ಪಾಲಾಯಿತು. ಬ್ಯಾಟರಿಗಾಗಿ ಹುಟ್ಟಿದ ಅಳತೆಯನ್ನು ಲೋಕವೇ ಒಪ್ಪಿಕೊಂಡಿತು!

ಅಂಗಡಿಯ ಪ್ಲಾಸ್ಟಿಕ್ ಮಾದರಿಗೆ ಕೊಡುವಷ್ಟು ಹಣ ನನ್ನಲ್ಲಿರಲಿಲ್ಲ. ಆದ್ದರಿಂದ ಚಪ್ಪಲಿ ಪೆಟ್ಟಿಗೆಯ ರಟ್ಟನ್ನೇ ಆಶ್ರಯಿಸಿದೆ. 36 ಟನ್ನಿನ ಆ ದೈತ್ಯನ ಒಡಲು ನನ್ನ ಕೈಯಲ್ಲಿ 18 ಸೆಂಟಿಮೀಟರಿಗೆ ತುಸು ಹೆಚ್ಚು ಉದ್ದ, 9ಕ್ಕೆ ತುಸು ಹೆಚ್ಚು ಅಗಲವಾಯಿತು. ಮೇಲಿನ ಗುಮ್ಮಟಕ್ಕೆ ಕಾಗದವನ್ನು ನೆನೆಸಿ, ಮೆಂತ್ಯದೊಡನೆ ಅರೆದು, ಅಮ್ಮನ ಒಗ್ಗರಣೆ ಸೌಟಿನ ಬೆನ್ನ ಮೇಲೆ ಮೆತ್ತಿ ಒಣಗಿಸಿದೆ. ತೋಪಿನ ನಳಿಕೆಗೆ ಖಾಲಿ ರೀಫಿಲ್, ಗಾಲಿಗಳಿಗೆ ದರ್ಜಿಯವರು ಕೊಟ್ಟ ಹತ್ತು ಕೋಟಿನ ಗುಂಡಿಗಳು, ಸರಪಳಿಗೆ ಹಳೆಯ ಸೈಕಲ್ ಟ್ಯೂಬು. ಒಂದೊಂದು ಬದಿಗೆ ಐದು ಗಾಲಿಗಳನ್ನು ಸಮಾನ ದೂರದಲ್ಲಿ ಅಂಟಿಸಿ ಬೀಗಿದೆ. ಚಿತ್ರ ನೋಡಿದರೆ ಮೊದಲನೆಯ ಮತ್ತು ಎರಡನೆಯ ಗಾಲಿಯ ನಡುವೆ ಮಾತ್ರ ಹೆಚ್ಚು ತೆರಪಿದೆ. ಟಿ-55ರ ಗುರುತೇ ಅದು. ಎಲ್ಲವನ್ನೂ ಕಿತ್ತು ಮತ್ತೆ ಅಂಟಿಸಿದೆ. ಕೊನೆಗೆ ಅಪ್ಪನ ಡಬ್ಬಿಯಿಂದ ಹಸಿರು ಬಣ್ಣ ಕದ್ದು ಬಳಿದೆ.

ಇಲ್ಲಿ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ಅಪ್ಪ ಹೆದ್ದಾರಿಯ ಪಕ್ಕದ ಗ್ಯಾರೇಜಿನಲ್ಲಿ ಲಾರಿಗಳಿಗೆ ಬಣ್ಣ ಹೊಡೆಯುವವರು. ಲಾರಿಯ ಹಣೆಯ ಮೇಲೆ ದೇವರ ಹೆಸರು, ಬೆನ್ನ ಮೇಲೆ ಗಾದೆ ಬರೆಯುತ್ತಾರೆ. ಆದರೆ ಅವರಿಗೆ ಓದಲು ಬಾರದು. ಯಾರಾದರೂ ಚೀಟಿಯಲ್ಲಿ ಬರೆದುಕೊಟ್ಟರೆ ಅಕ್ಷರಗಳನ್ನು ಚಿತ್ರದಂತೆ ನೋಡಿ ಬರೆಯುತ್ತಾರೆ. ಮೂರು ವರ್ಷದ ಹಿಂದೆ ಕಾಲೇಜು ಸೇರುವಾಗ, ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂದಿದ್ದೆಡೆ ನಾನು ‘ವ್ಯಾಪಾರ’ ಎಂದು ಬರೆದಿದ್ದೆ.

ಅಂದು ರಾತ್ರಿ ಅಪ್ಪ ಟ್ಯಾಂಕನ್ನು ಅಂಗೈಮೇಲೆ ಇಟ್ಟುಕೊಂಡು ನೋಡಿದರು. ಬಣ್ಣ ಕದ್ದದ್ದಕ್ಕೆ ಬೈಗುಳ ಬರುವುದೆಂದು ತಲೆ ತಗ್ಗಿಸಿ ನಿಂತೆ.

“ಅಲ್ಲ ಕಣ್ಲಾ, ಇದು ಲಡಾಯಿಗೆ ಹೋದ ಗಾಡಿ ಅಂತೀಯ. ಮೈಮೇಲೆ ಒಂದು ಗೀರಿಲ್ಲ, ಮಣ್ಣಿಲ್ಲ. ಇದನ್ನ ಹತ್ತೋರು ಕಾಲಿಡೋದು ಎಲ್ಲಿ?”

ನಾನು ನಿರುತ್ತರನಾದೆ. ಮಿಲಿಮೀಟರು ಮಿಲಿಮೀಟರಾಗಿ ಅಳೆದಿದ್ದೆ. ಅದರೊಳಗೆ ನಾಲ್ಕು ಜನ ಹತ್ತಿಳಿಯುತ್ತಿದ್ದರು, ಚಾಲಕ ಮುಂಭಾಗದ ಎಡಗಡೆ ಕೂರುತ್ತಿದ್ದ ಎಂದು ಪುಸ್ತಕದಲ್ಲಿ ಓದಿದ್ದೆ. ಅವರ ಕಾಲುಗಳ ಯೋಚನೆ ಮಾತ್ರ ಬಂದಿರಲಿಲ್ಲ.

ಅಪ್ಪ ಹಸಿರಿಗೆ ತುಸು ಹಳದಿ ಬೆರೆಸಿದರು. ಕುಂಚವನ್ನು ಅದರಲ್ಲಿ ಅದ್ದಿ, ಹಳೆಯ ಬಟ್ಟೆಗೆ ಒರೆಸಿ ಒರೆಸಿ, ಒಣಗಿತೆನ್ನುವಂತಾದಾಗ ಅಂಚುಗಳ ಮೇಲೆ ಮೆಲ್ಲಗೆ ಎಳೆದರು. ಸಪ್ಪೆಯಾಗಿದ್ದ ರಟ್ಟಿನ ಅಂಚುಗಳು ಕಬ್ಬಿಣದಂತೆ ಎದ್ದು ಬಂದವು. ಆಮೇಲೆ ಕಂದು ಬಣ್ಣವನ್ನು ಟರ್ಪೆಂಟೈನಿನಲ್ಲಿ ನೀರಾಗಿಸಿ ಸಂದುಗಳಿಗೆ ಹರಿಯಬಿಟ್ಟರು. ನೀರು ನಿಲ್ಲುವ ಕಡೆ ತುಕ್ಕು, ಕಾಲು ತಾಗುವ ಕಡೆ ಸವೆತ. “ಗಾಡಿ ಎಲ್ಲಿ ಸವೀತದೆ ಅಂತ ನಂಗೊತ್ತಿಲ್ವಾ?” ಎಂದರು. ಮಾದರಿಕಾರರು ಮೊದಲನೆಯದನ್ನು ‘ಡ್ರೈ ಬ್ರಷಿಂಗ್’ ಎಂದೂ ಎರಡನೆಯದನ್ನು ‘ವಾಷ್’ ಎಂದೂ ಕರೆಯುತ್ತಾರೆ. ಆ ಹೆಸರುಗಳನ್ನು ಅಪ್ಪ ಕೇಳಿದವರೇ ಅಲ್ಲ.

ಟ್ಯಾಂಕು ಈಗ ಕಾಲೇಜಿನ ಇತಿಹಾಸ ವಿಭಾಗದ ಕಪಾಟಿನಲ್ಲಿದೆ. ಅದರ ಮುಂದಿಡಲು ಒಂದು ಫಲಕ ಬೇಕಾಗಿತ್ತು. ನಾನು ಚೀಟಿಯಲ್ಲಿ ಬರೆದುಕೊಟ್ಟೆ. ಅಪ್ಪ ಅಕ್ಷರಗಳನ್ನು ಒಂದೊಂದಾಗಿ ನೋಡಿ ಹಳದಿ ಬಣ್ಣದಲ್ಲಿ ಮೂಡಿಸಿದರು.

“ಏನಂತ ಬರ್ಸಿದ್ದೀಯ?”

ಓದಿ ಹೇಳಿದೆ: “ಟಿ-55 ಟ್ಯಾಂಕು. ಬಣ್ಣ: ನಮ್ಮ ತಂದೆಯವರು, ಲಾರಿ ಪೇಂಟರ್.”

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಫಲಕವನ್ನು ದೂರ ಹಿಡಿದು ನೋಡಿ, “ಕೊನೇ ಸಾಲು ಒಂಚೂರು ವಾರೆಯಾಯ್ತು, ಬುಡು, ಇನ್ನೊಂದು ಸಲ ಬರೀತೀನಿ” ಎಂದರು.