ದಾಹಗೊಂಡ ಹುಡುಗನ ಹಾಡು



ಗೀಗೀ ಪದದ ಹರದೇಶಿ-ನಾಗೇಶಿ ವಾದವನ್ನು ಬೆಳಗಿನ ಜಾವದವರೆಗೆ ಕುಳಿತು ಕೇಳಿದ ಹಿರಿಯರು ನಮ್ಮ ಹುಲಕೋಟಿಯ ಕಡೆ ಇನ್ನೂ ಇದ್ದಾರೆ. ನಡುರಾತ್ರಿಯಲ್ಲಿ ಎದ್ದುಹೋದವನಿಗೆ ಒಂದು ಪಕ್ಷದ ಮಾತಷ್ಟೇ ದಕ್ಕುತ್ತದೆ ಎಂಬುದು ಅವರಿಗೆ ಗೊತ್ತು. ನಮ್ಮ ಮಕ್ಕಳು ಇಯರ್‌ಫೋನಿನಲ್ಲಿ ಕೇಳುವ ರ‍್ಯಾಪ್ ಹಾಡುಗಳ ವಿಷಯದಲ್ಲಿ ಮಾತ್ರ ಮೊದಲ ಬೈಗುಳ ಕಿವಿಗೆ ಬಿದ್ದೊಡನೆ ಎದ್ದುಹೋಗುವವರೇ ನಮ್ಮಲ್ಲಿ ಹೆಚ್ಚು.

ಕೊನೆಯವರೆಗೆ ಕೇಳಬೇಕಾದ ಒಂದು ಆಲ್ಬಂ 2012ರ ಅಕ್ಟೋಬರ್ 22ರಂದು ಹೊರಬಂದಿತು: 'ಗುಡ್ ಕಿಡ್, ಮ್ಯಾಡ್ ಸಿಟಿ'. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾಂಪ್ಟನ್ ಪಟ್ಟಣದ ಕೆಂಡ್ರಿಕ್ ಲಮಾರ್‌ನ ಎರಡನೆಯ ಸ್ಟುಡಿಯೋ ಆಲ್ಬಂ ಅದು. ಹುಡುಗರು ಒಟ್ಟಾಗಿ ಹೇಳುವ ಪಶ್ಚಾತ್ತಾಪದ ಪ್ರಾರ್ಥನೆಯೊಂದಿಗೆ ಅದು ಆರಂಭವಾಗುತ್ತದೆ. ಅನಂತರ ಕಥೆ ಹಿಂದಕ್ಕೆ ಸರಿಯುತ್ತದೆ. ತಾಯಿಯ ವ್ಯಾನನ್ನು ತೆಗೆದುಕೊಂಡು ಒಬ್ಬ ಹುಡುಗಿಯನ್ನು ಕಾಣಲು ಹೊರಟ ಹದಿನೇಳರ ಹರೆಯದವನು. ಸಂಗಾತಿಗಳೊಡನೆ ಕುಡಿತ, ಕಳ್ಳತನ. ಕೊನೆಗೆ ಜೊತೆಯವನೊಬ್ಬನ ಕೊಲೆ. ಸೇಡಿನ ಉರಿಯಲ್ಲಿರುವ ಹುಡುಗರನ್ನು ನೆರೆಯ ಮುದುಕಿಯೊಬ್ಬಳು ತಡೆಯುತ್ತಾಳೆ. ನಿಮ್ಮನ್ನು ಸುಡುತ್ತಿರುವುದು ದಾಹ, ನಿಮಗೆ ಬೇಕಾದದ್ದು ಪವಿತ್ರ ಜಲ ಎಂದು ತಿಳಿಹೇಳಿ ಪ್ರಾರ್ಥನೆ ಮಾಡಿಸುತ್ತಾಳೆ. ಆರಂಭದಲ್ಲಿ ಕೇಳಿದ ಪ್ರಾರ್ಥನೆ ಇದೇ ಎಂದು ಆಗ ತಿಳಿಯುತ್ತದೆ. ಸಮಾರ್ಯದ ಸ್ತ್ರೀಯ ಬಾವಿ ತಮಗೆ ನೆನಪಾಗದಿರದು.

ಅಶ್ಲೀಲ ಮಾತುಗಳು ಇದರಲ್ಲಿ ಹೇರಳವಾಗಿವೆ. ಚಿಕ್ಕ ಮಕ್ಕಳ ಕೈಗೆ ನಾನಂತೂ ಕೊಡಲಾರೆ.

ಇದರಲ್ಲಿ 'ಸ್ವಿಮಿಂಗ್ ಪೂಲ್ಸ್' ಎಂಬ ಹಾಡಿದೆ. ಅದರ ಪಲ್ಲವಿಯನ್ನಷ್ಟೇ ಹಿಡಿದುಕೊಂಡ ಜನ ಕುಡಿತದ ಕೂಟಗಳಲ್ಲಿ ಅದನ್ನು ಹಾಕಿ ಕುಣಿದರು. ಚರಣಗಳಲ್ಲಿರುವುದಾದರೋ ಅಜ್ಜನ ಕಾಲದಿಂದ ಮನೆಯಲ್ಲಿ ಬೇರೂರಿದ ಕುಡಿತ, ಗೆಳೆಯರ ಒತ್ತಾಯ, ನಡುವೆ ಎಚ್ಚರಿಸುವ ಮನಸ್ಸಾಕ್ಷಿಯ ದನಿ. ಇದನ್ನು ನನಗೆ ಬಿಡಿಸಿ ಹೇಳಿದವನು ಗದಗಿನ ಕಾಲೇಜಿಗೆ ಹೋಗುವ ನನ್ನ ಮಗ. ಹೇಳುತ್ತ ಹೇಳುತ್ತ ಅವನು ತನ್ನ ಗೆಳೆಯರ ಕೂಟದ ವಿಷಯವನ್ನೂ ತಾನಾಗಿಯೇ ಎತ್ತಿದನು. 'ಅಪ್ಪಾ, ಒಲ್ಲೆ ಅಂದ್ರ ನಗತಾರ' ಎಂದನು. ನಾನೆಷ್ಟು ಬಾರಿ ಕೆದಕಿ ಕೇಳಿದ್ದರೂ ಬಾರದಿದ್ದ ಮಾತು ಅದು.

ವಿಮರ್ಶಕರು ಆಲ್ಬಂ ಅನ್ನು ಮೆಚ್ಚಿದರು. ಮೊದಲ ವಾರದಲ್ಲೇ 2,42,000 ಪ್ರತಿಗಳು ಮಾರಾಟವಾದವು. 2014ರ ಜನವರಿಯ ಗ್ರ್ಯಾಮಿ ಸಮಾರಂಭದಲ್ಲಿ ಮಾತ್ರ ಏಳು ನಾಮನಿರ್ದೇಶನಗಳಿದ್ದರೂ ಕೆಂಡ್ರಿಕ್ ಬರಿಗೈಯಲ್ಲಿ ಮರಳಿದನು. ರ‍್ಯಾಪ್ ಆಲ್ಬಂ ಪ್ರಶಸ್ತಿಯನ್ನು ಗೆದ್ದ ಮ್ಯಾಕಲ್‌ಮೋರ್, ಅದು ನಿನಗೆ ಸಲ್ಲಬೇಕಿತ್ತೆಂದು ಅವನಿಗೆ ಸಂದೇಶ ಕಳುಹಿಸಿದ್ದು ಸುದ್ದಿಯಾಯಿತು. 2018ರಲ್ಲಿ ಕೆಂಡ್ರಿಕ್‌ನ ಬೇರೊಂದು ಆಲ್ಬಮ್‌ಗೆ ಸಂಗೀತದ ಪುಲಿಟ್ಜರ್ ಬಹುಮಾನ ಬಂದಿತು. ಬಹುಮಾನಗಳ ಈ ಲೆಕ್ಕ ಪತ್ರಿಕೆಯವರಿಗಿರಲಿ. ನನ್ನನ್ನು ತಡೆದು ನಿಲ್ಲಿಸಿದ್ದು ಆಲ್ಬಮ್ಮಿನ ಕೊನೆಯ ಭಾಗದಲ್ಲಿ ಫೋನಿನಿಂದ ಬರುವ ತಂದೆ ತಾಯಿಯರ ಧ್ವನಿ. ಕೊಲ್ಲುವುದು ಗಂಡಸುತನವಲ್ಲವೆಂದು ತಂದೆ ಹೇಳುತ್ತಾನೆ. ನೀನು ಕಂಡದ್ದನ್ನು ಈ ಊರಿನ ಮಕ್ಕಳಿಗೆ ಬಂದು ಹೇಳು ಎಂದು ತಾಯಿ ಬೇಡುತ್ತಾಳೆ. ಅವಳಿಗೆ ತನ್ನ ವ್ಯಾನು ಇನ್ನೂ ಮರಳಿ ಬಂದಿರುವುದಿಲ್ಲ.