ಹಿಂತಿರುಗಿ ಹೋಗಬೇಕಾದ ಮಗು

ಕಾಂದಿವಲಿಯ ನಮ್ಮ ಮನೆಗೆ ಒಂಬತ್ತು ವರ್ಷದ ಹುಡುಗನೊಬ್ಬ ಬಂದು ಹದಿನಾಲ್ಕು ತಿಂಗಳಾಯಿತು. ದತ್ತು ಅಲ್ಲ, ಫಾಸ್ಟರ್ ಕೇರ್. ಬಿಲ್ಡಿಂಗಿನವರಿಗೆ, ಊರಿನ ನೆಂಟರಿಗೆ ಇವೆರಡರ ವ್ಯತ್ಯಾಸ ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ದತ್ತು ಮಗು ಶಾಶ್ವತವಾಗಿ ನಮ್ಮದು. ಇವನಿಗೆ ತಾಯಿ ಇದ್ದಾಳೆ, ದೀರ್ಘ ಚಿಕಿತ್ಸೆಯಲ್ಲಿದ್ದಾಳೆ. ಗುಣವಾದರೆ ಅವನು ಅವಳ ಬಳಿಗೇ ಹೋಗಬೇಕು.

2015ರ ಬಾಲನ್ಯಾಯ ಕಾಯ್ದೆಯ 44ನೇ ಕಲಂ ಇದಕ್ಕೆ ಆಧಾರ. ಮಗುವನ್ನು ಒಪ್ಪಿಸುವುದು ಮಕ್ಕಳ ಕಲ್ಯಾಣ ಸಮಿತಿ. ತಿಂಗಳಿಗೊಮ್ಮೆ ಪರಿಶೀಲನೆ ಆಗಬೇಕು, ಒಡಹುಟ್ಟಿದವರನ್ನು ಆದಷ್ಟೂ ಒಟ್ಟಿಗಿಡಬೇಕು, ಹೆತ್ತವರ ಭೇಟಿಗೆ ಅವಕಾಶ ಕೊಡಬಹುದು ಎನ್ನುತ್ತದೆ ಕಾನೂನು. ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ನೆರವೂ ಇದೆ. 2024ರ ಮಾರ್ಗಸೂಚಿಯ ನಂತರ ಒಂಟಿಯಾಗಿರುವವರೂ ಮುಂದೆ ಬರಬಹುದು.

ಆದರೆ ಮಗು ಮನೆಗೆ ಹೊಂದಿಕೊಳ್ಳುವುದು ಸಣ್ಣಪುಟ್ಟ ಸಂಗತಿಗಳಿಂದ. ಅವನು ನಮ್ಮನ್ನು ಕಾಕಾ, ಕಾಕಿ ಎನ್ನುತ್ತಾನೆ. 'ಅಮ್ಮ' ಅನ್ನು ಎಂದು ಯಾರೂ ಹೇಳಿಲ್ಲ. ಆ ಜಾಗ ಖಾಲಿ ಇಲ್ಲ. ಶಾಲೆ ಬದಲಿಸಲಿಲ್ಲ, ಹಳೆಯ ಗೆಳೆಯರು ಉಳಿದರು. ಮೊದಮೊದಲು ಚಪಾತಿಯನ್ನು ದಿಂಬಿನಡಿ ಬಚ್ಚಿಡುತ್ತಿದ್ದ. ನನ್ನ ಹೆಂಡತಿ ಗದರಲಿಲ್ಲ. ಅವನ ಕೈಗೆಟಕುವಲ್ಲಿ ತಿಂಡಿಯ ಡಬ್ಬವೊಂದನ್ನು ಇಟ್ಟು, ಅದು ಎಂದೂ ಖಾಲಿಯಾಗದಂತೆ ನೋಡಿಕೊಂಡಳು. ಬಚ್ಚಿಡುವುದು ತಾನಾಗಿ ನಿಂತಿತು.

ತಾಯಿಯನ್ನು ಕಂಡು ಬಂದ ದಿನ ಊಟ ಬಿಡುತ್ತಾನೆ, ಬಾಗಿಲು ಧಡಾರನೆ ಹಾಕುತ್ತಾನೆ. ಭೇಟಿಯನ್ನೇ ನಿಲ್ಲಿಸಿ ಎಂದವರಿದ್ದಾರೆ. ಮನೆಗೆ ಬರುವ ಸಮಾಜ ಕಾರ್ಯಕರ್ತೆ, ಅದು ಅಗಲಿಕೆಯ ಸಂಕಟ, ತಡೆದುಕೊಳ್ಳಿ ಎಂದರು. ಆ ಸಂಜೆ ನಾನು ಆಫೀಸಿನ ಕಾಲ್ ಇಟ್ಟುಕೊಳ್ಳುವುದಿಲ್ಲ. ಸುಮ್ಮನೆ ಅವನ ಪಕ್ಕ ಕೂತಿರುತ್ತೇನೆ.

ಮುಂಬೈ ಕನ್ನಡಿಗರಿಗೆ ಇದು ತೀರಾ ಹೊಸತೇನಲ್ಲ. ಊರು ಬಿಟ್ಟು ಬಂದ ಹುಡುಗರು ನೆಂಟರ ಖೋಲಿಯಲ್ಲಿ ಮಲಗಿ, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಅವರ ಹಿಂದೆ ಒಂದು ಬಳಗವಿತ್ತು. ನಮ್ಮಂಥ ಮನೆಗೂ ಬೇಕಾದ್ದು ಅದೇ: ಜ್ವರ ಬಂದ ದಿನ ಬಂದು ಕೂರುವ ಪಕ್ಕದ ಮನೆಯಾಕೆ, 'ಇವನು ಯಾರ ಮಗ' ಎಂದು ಅವನೆದುರೇ ಕೇಳದ ನೆಂಟರು.

'ಅಷ್ಟೊಂದು ಹಚ್ಕೊಳ್ಬೇಡ ಮಗಾ, ನಾಳೆ ಹೋಗುವವ' ಎನ್ನುತ್ತಾಳೆ ಕುಂದಾಪುರದಿಂದ ಅಮ್ಮ. ಹಚ್ಚಿಕೊಳ್ಳದೆ ಸಾಕುವ ಬಗೆ ನಮಗೆ ತಿಳಿಯದು. ಅವನ ತಾಯಿ ಚೇತರಿಸಿಕೊಳ್ಳುತ್ತಿದ್ದಾಳೆಂದು ಕಳೆದ ವಾರ ಸುದ್ದಿ ಬಂತು. ಅವನು ಹೋದ ಮೇಲೂ ಆಗಾಗ ಕಂಡು ಬರಬಹುದೇ ಎಂದು ಸಮಿತಿಯನ್ನು ಕೇಳಬೇಕೆಂದಿದ್ದೇವೆ.