‘ಅನುಭವ: ಇಲ್ಲ’ ಎಂದು ಬರೆಯುವ ಮೊದಲು

ನಾಲ್ಕನೇ ಸೆಮಿಸ್ಟರ್‌ನ ಪ್ರಾಯೋಗಿಕ ಪರೀಕ್ಷೆ ಮುಗಿದ ವಾರದಿಂದ ನಮ್ಮ ಪ್ರಶಿಕ್ಷಣಾರ್ಥಿಗಳ ಕೈಯಲ್ಲಿ ಎರಡು ಬಗೆಯ ಕಾಗದಗಳು ಓಡಾಡುತ್ತವೆ. ಒಂದು, ಬೋಧನಾಭ್ಯಾಸದ ದಾಖಲೆ ಪುಸ್ತಕಗಳು. ಬಣ್ಣದ ಹೊದಿಕೆ, ಕೆಂಪು ಶಾಯಿಯ ಅಂಚು, ಪುಟಪುಟಕ್ಕೂ ಮಾರ್ಗದರ್ಶಕರ ಸಹಿ. ಇನ್ನೊಂದು, ಒಂದೂವರೆ ಪುಟದ ರೆಸ್ಯೂಮೆ. ಮೊದಲನೆಯದು ಗುಜರಿ ಅಂಗಡಿಯ ಕಡೆಗೆ ಹೊರಟಿರುತ್ತದೆ, ಎರಡನೆಯದು ಶಾಲೆಗಳ ಕಡೆಗೆ. ನನ್ನ ತಕರಾರು ಇಷ್ಟೇ: ಮೊದಲನೆಯದರ ಒಂದು ಸಾಲೂ ಎರಡನೆಯದರೊಳಕ್ಕೆ ಬಂದಿರುವುದಿಲ್ಲ.

ನಾನು ಇರುವುದು ದೀಪಾಂಜಲಿ ನಗರದಲ್ಲಿ. ಮೈಸೂರು ರಸ್ತೆಯ ಬಿಎಚ್‌ಇಎಲ್ ಕಾರ್ಖಾನೆ, ಬಿಎಂಟಿಸಿ ಡಿಪೊ ಇವುಗಳ ಸುತ್ತ ಬೆಳೆದ ಬಡಾವಣೆ. 2015ರ ನವೆಂಬರಿನಲ್ಲಿ ಇಲ್ಲಿಗೆ ಮೆಟ್ರೊ ಬಂತು, 2021ರಲ್ಲಿ ಅದು ಕೆಂಗೇರಿಯವರೆಗೆ ಹೋಯಿತು. ಆಮೇಲೆ ಜ್ಞಾನಭಾರತಿ ಕಡೆಯಿಂದ, ವಿಜಯನಗರದಿಂದ, ಅತ್ತಿಗುಪ್ಪೆಯಿಂದ ಭಾನುವಾರಗಳಂದು ನಮ್ಮ ಮನೆಗೆ ಬರುವ ಪ್ರಶಿಕ್ಷಣಾರ್ಥಿಗಳ ಸಂಖ್ಯೆ ಹೆಚ್ಚಾಯಿತು. ಬರುವಾಗ ದಾರಿಯಲ್ಲಿ ಯಾವುದಾದರೂ ಡಿಟಿಪಿ ಅಂಗಡಿಯಲ್ಲಿ ರೆಸ್ಯೂಮೆಯ ಪ್ರಿಂಟ್ ತೆಗೆಸಿಕೊಂಡು ಬರುತ್ತಾರೆ. ಅಂಗಡಿಯವರ ಕಂಪ್ಯೂಟರಿನಲ್ಲಿ ಒಂದು ಮಾದರಿ ಸಿದ್ಧವಿರುತ್ತದೆ. ಹೆಸರು, ವಿಳಾಸ, ಅಂಕ ಬದಲಿಸಿದರೆ ಮುಗಿಯಿತು. ಒಮ್ಮೆ ಒಂದೇ ದಿನ ನೋಡಿದ ಮೂರು ರೆಸ್ಯೂಮೆಗಳಲ್ಲಿ ಒಂದೇ ಧ್ಯೇಯವಾಕ್ಯವಿತ್ತು, ಅದರಲ್ಲಿ ಒಂದೇ ಸ್ಪೆಲಿಂಗ್ ತಪ್ಪೂ ಇತ್ತು. ಸವಾಲಿನ ವಾತಾವರಣದಲ್ಲಿ ದುಡಿದು ಸಂಸ್ಥೆಯ ಲಾಭವನ್ನು ಹೆಚ್ಚಿಸುವುದೇ ಮೂವರ ಗುರಿ. ಅರ್ಜಿ ಹಾಕಿದ್ದು ಮಾತ್ರ ಪ್ರಾಥಮಿಕ ಶಾಲೆಗೆ. (ಕೆಲವು ಆಡಳಿತ ಮಂಡಳಿಗಳಿಗೆ ಈ ವಾಕ್ಯ ಹಿಡಿಸಲೂಬಹುದು, ಆ ಮಾತು ಬೇರೆ.)

ಸರ್ಕಾರಿ ನೇಮಕಾತಿಗೆ ರೆಸ್ಯೂಮೆಯ ಗೊಡವೆಯಿಲ್ಲ. ಅಲ್ಲಿ ಟಿಇಟಿ, ಸ್ಪರ್ಧಾತ್ಮಕ ಪರೀಕ್ಷೆ, ಪದವಿ ಮತ್ತು ಬಿ.ಎಡ್. ಅಂಕಗಳು ಮಾತಾಡುತ್ತವೆ. ಆದರೆ ಅಧಿಸೂಚನೆ ವರ್ಷಕ್ಕೊಮ್ಮೆ ಬರುವ ಹಬ್ಬವಲ್ಲ. ನಡುವಿನ ವರ್ಷಗಳಲ್ಲಿ ನಮ್ಮ ಹೆಚ್ಚಿನ ಮಕ್ಕಳು ಖಾಸಗಿ ಶಾಲೆಗಳ ಬಾಗಿಲು ತಟ್ಟುತ್ತಾರೆ. ಆ ಬಾಗಿಲಲ್ಲಿ ಮೊದಲು ಒಳಗೆ ಹೋಗುವುದು ಈ ಕಾಗದ.

ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳಬೇಕು. ನಮ್ಮ ಬಡಾವಣೆಯ ಹುಡುಗಿ, ಗಣಿತದಲ್ಲಿ ಬಿ.ಎಸ್ಸಿ., ಆಮೇಲೆ ಬಿ.ಎಡ್. ತಂದೆ ಡಿಪೊದಲ್ಲಿ ಮೆಕ್ಯಾನಿಕ್. ಅವರ ಮನೆಯಲ್ಲಿ ಪದವಿ ಮುಗಿಸಿದವರಲ್ಲಿ ಇವಳೇ ಮೊದಲಿಗಳು. ಎರಡು ಶಾಲೆಗಳಲ್ಲಿ ‘ಅನುಭವ ಇದ್ದರೆ ಬನ್ನಿ’ ಎಂದು ಕಳಿಸಿದ್ದರು. ಮೂರನೆಯ ಕಡೆ ಅರ್ಜಿ ಕೊಡುವ ಹೊತ್ತಿಗೆ ಪರಿಚಿತರೊಬ್ಬರು ಒಂದು ಉಪಾಯ ಸೂಚಿಸಿದರಂತೆ. ಇಂತಿಷ್ಟು ಹಣ ಕೊಟ್ಟರೆ ಒಂದು ಶಾಲೆಯ ಲೆಟರ್‌ಹೆಡ್‌ನಲ್ಲಿ ಒಂದು ವರ್ಷದ ಅನುಭವ ಪತ್ರ ಸಿಗುತ್ತದೆ. ತಂದೆ ಹಣ ಹೊಂದಿಸಿಯೂ ಆಗಿತ್ತು. ‘ಎಲ್ಲರೂ ಮಾಡ್ತಾರಂತೆ ಮೇಡಂ, ತಗೋಬಹುದಾ?’ ಎಂದು ಕೇಳಲು ಬಂದಿದ್ದಳು. ರೆಸ್ಯೂಮೆಯ ಅನುಭವದ ಕಾಲಂ ಖಾಲಿಯೂ ಇರಲಿಲ್ಲ. ‘ಇಲ್ಲ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ನೀತಿಪಾಠ ಹೇಳುವ ಉಮೇದು ನನಗಿರಲಿಲ್ಲ. ವ್ಯವಹಾರದ ಮಾತನ್ನಷ್ಟೇ ಆಡಿದೆ. ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ‘ಆ ವರ್ಷ ಯಾವ ತರಗತಿ ತೆಗೆದುಕೊಂಡಿದ್ದೆ, ಮುಖ್ಯ ಶಿಕ್ಷಕರು ಯಾರಿದ್ದರು’ ಎಂದಿರುತ್ತದೆ. ಆಗ ಒಂದು ಸುಳ್ಳಿಗೆ ನಾಲ್ಕು ಸುಳ್ಳು ಹೊಂದಿಸಬೇಕು. ಶಾಲೆಗಳು ತಮ್ಮ ಶಿಕ್ಷಕರ ವಿವರವನ್ನು ಪ್ರತಿವರ್ಷ ಯು-ಡೈಸ್ ಪ್ಲಸ್‌ನಲ್ಲಿ ತುಂಬುತ್ತವೆ, ಇಲ್ಲದ ಶಿಕ್ಷಕಿಯ ಹೆಸರು ಅಲ್ಲಿ ಇರುವುದಿಲ್ಲ. ಇಷ್ಟು ಹೇಳಿ, ‘ನಿನ್ನ ರೆಕಾರ್ಡುಗಳು ಎಲ್ಲಿವೆ?’ ಎಂದು ಕೇಳಿದೆ. ಅಟ್ಟದ ಮೇಲಿದ್ದವು. ಗುಜರಿಯವನು ಸೋಮವಾರ ಬರುವವನಿದ್ದ.

ರೆಕಾರ್ಡುಗಳು ಬಂದವು. ಎರಡು ವರ್ಷದ ಬಿ.ಎಡ್.ನಲ್ಲಿ ಶಾಲೆಯೊಳಗೆ ಕಳೆಯಬೇಕಾದ ಅವಧಿ ಕನಿಷ್ಠ 20 ವಾರ. 2014ರ ಎನ್‌ಸಿಟಿಇ ನಿಯಮಾವಳಿಯ ಪ್ರಕಾರ ಮೊದಲ ವರ್ಷ 4 ವಾರ, ಎರಡನೇ ವರ್ಷ 16 ವಾರ. ಹೆಚ್ಚುಕಡಿಮೆ ಐದು ತಿಂಗಳು ಮಕ್ಕಳ ಮುಂದೆ ನಿಂತವರು ‘ಅನುಭವ: ಇಲ್ಲ’ ಎಂದು ಬರೆಯುವುದು ವಿನಯವಂತೂ ಅಲ್ಲ, ತಪ್ಪು ಮಾಹಿತಿ. ‘ವೇತನ ಸಹಿತ ಅನುಭವ ಇಲ್ಲ’ ಎಂದರೆ ಒಪ್ಪೋಣ.

ಪುಟ ತಿರುಗಿಸುತ್ತಾ ಹೋದೆವು. ಆರನೇ ತರಗತಿ, 34 ಮಕ್ಕಳು, ಭಿನ್ನರಾಶಿಗಳ ಸಂಕಲನ. ಪಾಠಕ್ಕೆ ಮೊದಲು ಕೊಟ್ಟ ಐದು ಪ್ರಶ್ನೆಗಳ ಕಿರುಪರೀಕ್ಷೆಯಲ್ಲಿ 19 ಮಕ್ಕಳು ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸಿ ಐದನೇ ಎರಡು ಎಂದು ಬರೆದಿದ್ದರು. ಅಂಶಕ್ಕೆ ಅಂಶ, ಛೇದಕ್ಕೆ ಛೇದ. ಗಣಿತ ಕಲಿಸಿದವರೆಲ್ಲ ಬಲ್ಲ ತಪ್ಪು ಇದು. ಇವಳು ಲ.ಸಾ.ಅ. ನಿಯಮವನ್ನು ಹಲಗೆಯ ಮೇಲೆ ಬರೆಯುವ ಬದಲು ಕಾಗದದ ಪಟ್ಟಿಗಳನ್ನು ಹಂಚಿದ್ದಳು. ಅರ್ಧ ಮಡಿಸಿ, ಇನ್ನೊಂದನ್ನು ಮೂರು ಭಾಗವಾಗಿ ಮಡಿಸಿ, ಎರಡನ್ನೂ ಜೋಡಿಸಿ, ಪಕ್ಕದಲ್ಲಿ ಐದನೇ ಎರಡರ ಪಟ್ಟಿ ಇಡಿ. ಅವಲೋಕನ ಪುಸ್ತಕದಲ್ಲಿ ಅವಳ ಸಹಪಾಠಿ ಗುರುತು ಹಾಕಿಕೊಂಡಿದ್ದಳು: ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೂ ಉತ್ತರ ಅರ್ಧಕ್ಕಿಂತ ಕಮ್ಮಿ ಹೇಗಾಯ್ತು ಎಂದು ಹಿಂದಿನ ಬೆಂಚಿನ ಹುಡುಗ ಕೇಳಿದ, ತರಗತಿ ಗಲಾಟೆಯಾಯಿತು. ಗಲಾಟೆಗೆ ತರಗತಿ ನಿರ್ವಹಣೆಯಲ್ಲಿ ಒಂದು ಅಂಕ ಕಡಿಮೆ ಬಿದ್ದಿತ್ತು! ಐದು ಅವಧಿಗಳ ನಂತರ ನಡೆದ ಘಟಕ ಪರೀಕ್ಷೆಯಲ್ಲಿ ಅದೇ ತಪ್ಪು ಮಾಡಿದವರು 7 ಮಂದಿ. ನೀಲನಕ್ಷೆ, ಅಂಕಪಟ್ಟಿ, ತಪ್ಪುಗಳ ವಿಶ್ಲೇಷಣೆ ಎಲ್ಲವೂ ಅಲ್ಲೇ ಇದ್ದವು.

ಇದನ್ನು ರೆಸ್ಯೂಮೆಯ ಎರಡು ಸಾಲಾಗಿ ಬರೆಯಲು ಹೇಳಿದೆ. ಮೊದಲ ಪ್ರಯತ್ನದಲ್ಲಿ ‘ಚಟುವಟಿಕೆ ಆಧಾರಿತ ಬೋಧನೆಯಲ್ಲಿ ಉತ್ತಮ ಅನುಭವ’ ಎಂದು ಬರೆದಳು. ಪಾಠಯೋಜನೆಯ ಉದ್ದೇಶಗಳ ಕಾಲಂನಲ್ಲಿ ‘ಮಕ್ಕಳು ಭಿನ್ನರಾಶಿಯನ್ನು ತಿಳಿಯುವರು’ ಎಂದು ಬರೆದರೆ ನಾವು ಸಹಿ ಹಾಕುತ್ತೇವೆಯೇ? ಹಾಕುವುದಿಲ್ಲ. ಗುರುತಿಸುವರು, ಹೋಲಿಸುವರು, ಲೆಕ್ಕಿಸುವರು, ಕಾರಣ ಕೊಡುವರು ಎಂದು ಕಣ್ಣಿಗೆ ಕಾಣುವ ಕ್ರಿಯಾಪದ ಬರುವವರೆಗೆ ಹಿಂದಿರುಗಿಸುತ್ತೇವೆ. ಬ್ಲೂಮ್ ಅವರ ವರ್ಗೀಕರಣ 1956ರಲ್ಲಿ ಪ್ರಕಟವಾದಾಗಿನಿಂದ ಜಗತ್ತಿನ ಶಿಕ್ಷಕ ತರಬೇತಿಯೆಲ್ಲ ಈ ಒಂದು ಶಿಸ್ತಿನ ಮೇಲೆ ಎಷ್ಟು ಕಾಗದ ಖರ್ಚು ಮಾಡಿದೆ! ಅದೇ ಪ್ರಶಿಕ್ಷಣಾರ್ಥಿ ತನ್ನ ಬಗ್ಗೆ ಬರೆಯುವಾಗ ‘ಕಷ್ಟಪಟ್ಟು ದುಡಿಯುವ ಸ್ವಭಾವ, ಬೇಗ ಕಲಿಯುವ ಗುಣ’ ಎಂದು ಬರೆದು ಮುಗಿಸಿಬಿಡುತ್ತಾರೆ. ಪಾಠಯೋಜನೆಗೆ ಹಾಕುವ ಒರೆಗಲ್ಲನ್ನೇ ಇಲ್ಲಿಗೂ ಹಾಕಿ ಎಂಬುದಕ್ಕಿಂತ ಹೆಚ್ಚಿನ ಸೂತ್ರ ನನ್ನ ಬಳಿ ಇಲ್ಲ.

ಮೂರನೇ ಪ್ರಯತ್ನದಲ್ಲಿ ಸಾಲು ಹೀಗಾಯಿತು: ‘6ನೇ ತರಗತಿ, 34 ವಿದ್ಯಾರ್ಥಿಗಳು, ಭಿನ್ನರಾಶಿ ಸಂಕಲನ. ಪೂರ್ವಪರೀಕ್ಷೆಯಲ್ಲಿ ಛೇದಗಳನ್ನು ಕೂಡಿಸುವ ತಪ್ಪು ಮಾಡಿದವರು 19. ಕಾಗದದ ಪಟ್ಟಿಗಳಿಂದ ಐದು ಅವಧಿ ಬೋಧಿಸಿದ ನಂತರ 7.’ ಅಷ್ಟರಲ್ಲಿ ಅವಳೇ ಒಂದು ಅನುಮಾನ ಎತ್ತಿದಳು. ಆ ವಾರ ತರಗತಿಯ ಖಾಯಂ ಶಿಕ್ಷಕಿ ಸಂಜೆ ಅಭ್ಯಾಸ ಮಾಡಿಸುತ್ತಿದ್ದರು, ಪೂರ್ತಿ ಶ್ರೇಯಸ್ಸು ತನ್ನದೆಂದು ಬರೆಯಬಹುದೇ? ‘ತರಗತಿ ಶಿಕ್ಷಕರೊಂದಿಗೆ’ ಎಂಬ ಎರಡು ಪದ ಸೇರಿಸಿದೆವು. ಅದರಿಂದ ಸಾಲು ದುರ್ಬಲವಾಯಿತೆಂದು ನನಗನ್ನಿಸಲಿಲ್ಲ. ಓದುವ ಮುಖ್ಯ ಶಿಕ್ಷಕರಿಗೆ, ಹೊಸಬಳೊಬ್ಬಳು ಇದ್ದವರ ಜೊತೆ ಹೊಂದಿಕೊಂಡು ಕೆಲಸ ಮಾಡಬಲ್ಲಳು ಎಂಬ ಸುದ್ದಿ ಅದರಲ್ಲಿತ್ತು.

ಪದವಿಯ ಮೂರು ವರ್ಷವೂ ಸಂಜೆ ಮನೆಯ ವರಾಂಡದಲ್ಲಿ ಡಿಪೊ ನೌಕರರ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಳಂತೆ. ಅದು ‘ಹವ್ಯಾಸ’ದ ಕೆಳಗೆ, ರಂಗೋಲಿ ಮತ್ತು ಹಾಡು ಕೇಳುವುದರ ನಡುವೆ ಸೇರಿಕೊಂಡಿತ್ತು. ಅದನ್ನು ಎತ್ತಿ ಮೇಲೆ ತಂದೆವು.

ಗಣಿತದವಳಾದ್ದರಿಂದ ರಾಮಾನುಜನ್ ಅವರ ಪತ್ರದ ವಿಷಯ ನೆನಪಿಸಿದೆ. 1913ರ ಜನವರಿಯಲ್ಲಿ ಅವರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದಾಗ ಮದ್ರಾಸ್ ಪೋರ್ಟ್ ಟ್ರಸ್ಟ್‌ನ ಗುಮಾಸ್ತರು, ಸಂಬಳ ವರ್ಷಕ್ಕೆ 20 ಪೌಂಡ್. ವಿಶ್ವವಿದ್ಯಾಲಯದ ಶಿಕ್ಷಣ ತಮಗಿಲ್ಲವೆಂದು ಪತ್ರದ ಆರಂಭದಲ್ಲೇ ಹೇಳಿಬಿಟ್ಟರು. ಹಿಂದೆ ಪುಟಗಟ್ಟಲೆ ಪ್ರಮೇಯಗಳನ್ನು ಲಗತ್ತಿಸಿದರು. ಹಾರ್ಡಿ ಮತ್ತು ಲಿಟಲ್‌ವುಡ್ ಕೂತು ಓದಿದ್ದು ಆ ಪುಟಗಳನ್ನು. ನಾವ್ಯಾರೂ ರಾಮಾನುಜನ್ ಅಲ್ಲ, ಆದರೆ ಇಲ್ಲದ್ದನ್ನು ಒಂದು ಸಾಲಿನಲ್ಲಿ ಹೇಳಿ ಇರುವುದನ್ನು ಮುಂದಿಡುವುದಕ್ಕೆ ಪ್ರತಿಭೆಯೇನೂ ಬೇಡ.

ಉಳಿದ ತಿದ್ದುಪಡಿಗಳು ಬೇಗ ಮುಗಿದವು. ‘ಟಿಇಟಿ ಪಾಸ್’ ಎಂದಷ್ಟೇ ಬರೆದರೆ ಸಾಲದು. ಪತ್ರಿಕೆ-1 ಒಂದರಿಂದ ಐದನೇ ತರಗತಿಗೆ, ಪತ್ರಿಕೆ-2 ಆರರಿಂದ ಎಂಟಕ್ಕೆ. ಯಾವುದು, ಯಾವ ವರ್ಷ, 150ಕ್ಕೆ ಎಷ್ಟು ಎಂದು ಬರೆಯಬೇಕು. ಪ್ರಮಾಣಪತ್ರದ ಏಳು ವರ್ಷದ ಮಿತಿ 2021ರಲ್ಲೇ ಹೋಗಿ ಜೀವಿತಾವಧಿ ಮಾನ್ಯತೆ ಬಂದಿರುವುದರಿಂದ ಹಳೆಯದೆಂದು ಬಿಡುವ ಹಾಗಿಲ್ಲ. ತಂದೆಯ ಹೆಸರು, ಜಾತಿ, ಧರ್ಮ, ವೈವಾಹಿಕ ಸ್ಥಿತಿ, ಎತ್ತರ ತೆಗೆಸಿದೆ. ಇವು ವಧುವರರ ಬಯೋಡೇಟಾದಿಂದ ದಾರಿ ತಪ್ಪಿ ಬಂದವು. ಕೊನೆಯಲ್ಲಿದ್ದ ‘ಮೇಲ್ಕಂಡ ವಿವರಗಳೆಲ್ಲ ನನಗೆ ತಿಳಿದಮಟ್ಟಿಗೆ ಸತ್ಯ’ ಎಂಬ ಘೋಷಣೆಯನ್ನು ಮಾತ್ರ ಅವಳು ತೆಗೆಯಲು ಒಪ್ಪಲಿಲ್ಲ. ಇರಲಿ ಬಿಡು ಎಂದೆ. ಅನುಭವ ಪತ್ರದ ಮಾತು ಅದಾದ ಮೇಲೆ ಬರಲಿಲ್ಲ.

ಭಾಷೆಯ ವಿಷಯ ಸ್ವಲ್ಪ ಹೇಳಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ರೆಸ್ಯೂಮೆಯನ್ನು ನೇರವಾಗಿ ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕೈಗೆ ಸಿಗುವುದು ಅಂಗಡಿಯ ವಾಕ್ಯಗಳೇ. ಮೊದಲು ಕನ್ನಡದಲ್ಲಿ ಬರೆಯಿರಿ ಎನ್ನುತ್ತೇನೆ. ಏನು ಮಾಡಿದೆವೆಂಬುದು ತಾಯ್ನುಡಿಯಲ್ಲಿ ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ತರುವುದು ಅರ್ಧ ಗಂಟೆಯ ಕೆಲಸ, ಸಣ್ಣ ವಾಕ್ಯಗಳೇ ಸಾಕು. ಸಂದರ್ಶನದಲ್ಲಿ ವಿವರಿಸಲು ಬಾರದ ಪದ ಕಾಗದದಲ್ಲಿ ಇರಬಾರದು.

ಸಹೋದ್ಯೋಗಿಗಳಲ್ಲಿ ನನ್ನದೊಂದು ಕೋರಿಕೆ. ಇಂಟರ್ನ್‌ಷಿಪ್‌ನ ಕೊನೆಯ ವಾರದಲ್ಲಿ, ರೆಕಾರ್ಡುಗಳಿಗೆ ಅಂತಿಮ ಸಹಿ ಹಾಕುವ ಮೊದಲು, ಒಂದು ಅವಧಿಯನ್ನು ಇದಕ್ಕೆ ಬಿಟ್ಟುಕೊಡೋಣ. ಪ್ರತಿಯೊಬ್ಬರೂ ತಮ್ಮ ದಾಖಲೆಯಿಂದ ಮೂರು ಸಂಗತಿಗಳನ್ನು ಹೆಕ್ಕಿ ಒಂದು ಹಾಳೆಯಲ್ಲಿ ಬರೆಯಲಿ: ಯಾವ ಮಕ್ಕಳು, ಯಾವ ತೊಡಕು, ಏನು ಮಾಡಿದೆ, ಏನಾಯಿತು. ಆಗದೆ ಉಳಿದದ್ದೂ ಇರಲಿ. ಪಕ್ಕದ ಸಹಪಾಠಿ ಅದನ್ನು ಓದಿ ‘ಇದಕ್ಕೆ ಪುರಾವೆ ಎಲ್ಲಿದೆ?’ ಎಂದು ಕೇಳಲಿ. ಮಕ್ಕಳ ಹೆಸರು, ಫೋಟೊ ಎಲ್ಲೂ ಬಾರದಂತೆ ನಾವು ನೋಡಿಕೊಳ್ಳೋಣ. ದಾಖಲೆಗೆ ಹೂವಿನ ಅಂಚು ಬಿಡಿಸಲು ಪ್ರಶಿಕ್ಷಣಾರ್ಥಿಗಳು ಕಳೆಯುವ ರಾತ್ರಿಗಳಲ್ಲಿ ಒಂದನ್ನು ಇದಕ್ಕೆ ತಿರುಗಿಸಿದರೂ ಸಾಕು. ಹಾಗೆ ಮಾಡಿದರೆ ಅಂಕಿ ಅಂಶ ತುಂಬಲೆಂದೇ ಬರೆಯುವ ಘಟಕ ಪರೀಕ್ಷೆಯ ವಿಶ್ಲೇಷಣೆಗಳೂ ಸ್ವಲ್ಪ ನಿಜವಾಗಬಹುದೆಂಬ ಆಸೆ ನನಗಿದೆ. ತಾನೇ ಮುಂದೆ ಬಳಸಬೇಕಾದ ಲೆಕ್ಕವನ್ನು ಯಾರೂ ಪಕ್ಕದವರ ಪುಸ್ತಕದಿಂದ ನಕಲು ಮಾಡುವುದಿಲ್ಲ.

ಆ ಹುಡುಗಿಗೆ ಮೂರನೆಯ ಶಾಲೆಯಿಂದ ಕರೆ ಬಂತು. ಮುಖ್ಯ ಶಿಕ್ಷಕಿ ಪದವಿಯ ಅಂಕಗಳನ್ನು ಹಾಗೇ ದಾಟಿ ಆ ಎರಡು ಸಾಲಿನ ಮೇಲೆ ಬೆರಳಿಟ್ಟು ‘ಉಳಿದ ಏಳು ಮಕ್ಕಳ ಕಥೆ ಏನು?’ ಎಂದರಂತೆ. ಇವಳಿಗೆ ಉತ್ತರ ಗೊತ್ತಿತ್ತು. ಮೂವರು ಪಟ್ಟಿ ಮಡಿಸಿದ ದಿನ ಗೈರು, ನಾಲ್ವರಿಗೆ ಮಗ್ಗಿಯೇ ಬರುತ್ತಿರಲಿಲ್ಲ. ಆ ನಾಲ್ವರಿಗೆ ಏನು ಮಾಡುತ್ತಿದ್ದೆ ಎಂಬುದರ ಮೇಲೆ ಮಾತು ಹತ್ತು ನಿಮಿಷ ನಡೆಯಿತಂತೆ. ಸಂಬಳದ ಮಾತು ಇನ್ನೂ ಆಗಿಲ್ಲ, ಬುಧವಾರ ಡೆಮೊ ಪಾಠವಿದೆ. ಕೊಟ್ಟಿರುವ ವಿಷಯ ದಶಮಾಂಶಗಳ ಹೋಲಿಕೆ. 0.5 ದೊಡ್ಡದೋ 0.35 ದೊಡ್ಡದೋ ಎಂದು ಕೇಳಿದರೆ ಎಷ್ಟೋ ಮಕ್ಕಳು ಎರಡನೆಯದಕ್ಕೆ ಕೈ ಎತ್ತುತ್ತಾರೆ. ನಿನ್ನೆ ಸಂಜೆ ಬಂದು ನನ್ನ ಹತ್ತಿರವಿದ್ದ ಗ್ರಾಫ್ ಹಾಳೆಗಳನ್ನೆಲ್ಲ ತೆಗೆದುಕೊಂಡು ಹೋದಳು.